ಸತ್ಯಾಂಶ: ‘ದೇವರಿಲ್ಲ’ ಎಂದು ಡಾರ್ವಿನ್ ಸಾಬೀತು ಮಾಡಿದರೇ?

ಹೀಗೊಂದು ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿರುತ್ತದೆ. ಅದು ಸುಳ್ಳು. ಡಾರ್ವಿನ್ ಹಾಗೆ ಹೇಳಿಕೊಂಡೇ ಇಲ್ಲ.

ಹಾರ್ವರ್ಡ್‌ನ ಸಸ್ಯವಿಜ್ಞಾನಿ ಏಸಾ ಗ್ರೇ ಜೀವಿಗಳು ಕಾಲಕ್ರಮೇಣ ಬದಲಾಗುತ್ತ ಬಂದಿವೆ ಎನ್ನುವ ಡಾರ್ವಿನ್ನರ ವಿಕಾಸವಾದವನ್ನು ಒಪ್ಪಿದ ದೈವಭಕ್ತರು. ಅದರ ಹಿಂದೆ ದೇವರ ಸಂಕಲ್ಪವಿದೆ ಎನ್ನುತ್ತಿದ್ದರು. 1860ರ ಮೇ 22ರಂದು ಗ್ರೇ ಅವರಿಗೆ ಡಾರ್ವಿನ್ ಬರೆದ ಪತ್ರ ನೋಡಿ. ಜೀವಂತ ಕಂಬಳಿಹುಳುವನ್ನು ಒಳಗಿನಿಂದಲೇ ತಿಂದು ಬೆಳೆಯುವ ಕಣಜದ ಜಾತಿಯನ್ನು ದಯಾಮಯನಾದ ದೇವರು ಬೇಕೆಂದೇ ಸೃಷ್ಟಿಸಿದ ಎಂದು ನಂಬಲಾರೆ ಅನ್ನುತ್ತಾರೆ. ಅದೇ ಪತ್ರದಲ್ಲಿ, ಈ ಅದ್ಭುತ ಜಗತ್ತು ಬರೀ ಕುರುಡು ಶಕ್ತಿಯ ಫಲ ಎನ್ನಲೂ ಮನಸ್ಸೊಪ್ಪದು, ಇದು ಮನುಷ್ಯನ ಬುದ್ಧಿಗೆ ನಿಲುಕದ ವಿಷಯ ಎಂದೂ ಬರೆಯುತ್ತಾರೆ. ಈ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದು ಅನಿಸುತ್ತದೆ. ವಾದ ಬಗೆಹರಿಯಲಿಲ್ಲ, ಸ್ನೇಹ ಕೆಡಲಿಲ್ಲ.

1879ರ ಇನ್ನೊಂದು ಪತ್ರದಲ್ಲಂತೂ ನೇರವಾಗಿಯೇ ಹೇಳಿದ್ದಾರೆ: ದೇವರನ್ನು ಅಲ್ಲಗಳೆಯುವ ನಾಸ್ತಿಕ ನಾನೆಂದೂ ಆಗಿರಲಿಲ್ಲ, ನನ್ನನ್ನು ಅಜ್ಞೇಯವಾದಿ (ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವನು) ಎನ್ನುವುದೇ ಹೆಚ್ಚು ಸರಿ.