ಸ್ಪಷ್ಟನೆ: ಸೆನ್ಸರ್ ಚಿಕ್ಕದೆಂದು ಎಫ್/1.8 ಬದಲಾಗುವುದಿಲ್ಲ

ಸಿಗ್ಮಾ 2025ರಲ್ಲಿ ತಂದ 17-40 ಮಿ.ಮೀ. ಎಫ್/1.8 ಜೂಮ್ ಲೆನ್ಸ್ ಬಗ್ಗೆ ಒಂದು ಮಾತು ಹರಿದಾಡುತ್ತಿದೆ: ಇದು ಎಪಿಎಸ್-ಸಿ (ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್ ಇರುವ) ಕ್ಯಾಮೆರಾಗಳ ಲೆನ್ಸ್, ಹಾಗಾಗಿ ಎಕ್ಸ್‌ಪೋಷರ್ ಲೆಕ್ಕದಲ್ಲಿ ಎಫ್/2.7 ಅಷ್ಟೇ, 1.8 ಹೆಸರಿಗೆ ಮಾತ್ರ ಎಂದು. ಇದು ತಪ್ಪು.

ನಾಭಿದೂರವನ್ನು ಅಪರ್ಚರ್ (ಬೆಳಕು ಒಳಬರುವ ರಂಧ್ರ) ವ್ಯಾಸದಿಂದ ಭಾಗಿಸಿದರೆ ಬರುವುದೇ ಎಫ್ ಸಂಖ್ಯೆ; ಅದು ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಹಿಂದೆ ಯಾವ ಸೆನ್ಸರ್ ಇದೆ ಎಂಬುದು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಅದೇ ದೃಶ್ಯ, ಅದೇ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಇದ್ದರೆ ಎಫ್/1.8ಕ್ಕೆ ಬೇಕಾಗುವ ಶಟರ್ ವೇಗ ಫುಲ್ ಫ್ರೇಮ್‌ನಲ್ಲೂ ಎಪಿಎಸ್-ಸಿಯಲ್ಲೂ ಸರಿಸುಮಾರು ಒಂದೇ. ಎಫ್/2.8 ಜೂಮ್‌ಗಿಂತ ಸೆನ್ಸರ್‌ನ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 2.4 ಪಟ್ಟು ಬೆಳಕು ಹೆಚ್ಚು ಬೀಳುತ್ತದೆ. ಮಂದ ಬೆಳಕಿನಲ್ಲಿ ಚಲನೆಯನ್ನು ಹಿಡಿಯುವವರಿಗೆ ಇದು ಸಣ್ಣ ಲಾಭವಲ್ಲ. ಸುಳ್ಳು ಲೆಕ್ಕ ನಂಬಿ ಅವರು ಈ ಲೆನ್ಸನ್ನು ಕೈಬಿಡಬಾರದು.

2.7 ಬಂದದ್ದು 1.8 ಅನ್ನು ಕ್ರಾಪ್ ಅಂಶ (ಫುಲ್ ಫ್ರೇಮ್ ಸೆನ್ಸರ್ ಎಪಿಎಸ್-ಸಿಗಿಂತ ಎಷ್ಟು ಪಟ್ಟು ಅಗಲ ಎಂಬ ಅಂಕಿ) 1.5ರಿಂದ ಗುಣಿಸಿದ್ದರಿಂದ. ಫುಲ್ ಫ್ರೇಮ್‌ನಲ್ಲಿ ಅದೇ ಚೌಕಟ್ಟಿನ ಚಿತ್ರ ತೆಗೆದರೆ ಹಿನ್ನೆಲೆ ಎಷ್ಟು ಮಸುಕಾಗುತ್ತದೆ, ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು ಚುಕ್ಕೆಗಳು) ಎಷ್ಟಿರುತ್ತದೆ ಎಂದು ಹೋಲಿಸಲು ಆ ಅಂಕಿ ಸರಿಯಾದದ್ದೇ. ಎಕ್ಸ್‌ಪೋಷರ್‌ಗೆ ಮಾತ್ರ ಅದನ್ನು ತಗುಲಿಸಬೇಡಿ.

ಅಂದಹಾಗೆ, ಈ ಲೆನ್ಸ್‌ನೊಳಗೆ ಸ್ಟೆಬಿಲೈಸೇಶನ್ ಇಲ್ಲ. ಕೈನಡುಕಕ್ಕೆ ಪರಿಹಾರ ಬೇಕಿದ್ದರೆ ಕ್ಯಾಮೆರಾ ಬಾಡಿಯಲ್ಲೇ ಆ ಸೌಲಭ್ಯ ಇರಬೇಕು.