‘ಕೂತಿತಲ್ಲ!’ ಎಂಬ ನಾಲ್ಕಕ್ಷರದ ಪ್ರಮಾಣಪತ್ರ

ಬೆಳಿಗ್ಗೆ ಒಂದು ಪಿಕಪ್ ನೋಡಿದಾಗಿನಿಂದ ಮೈ ಉರಿಯುತ್ತಿದೆ. ಬರೆದು ಹೊರಹಾಕದಿದ್ದರೆ ಇವತ್ತು ಬೇರೆ ಕೆಲಸ ಆಗುವುದಿಲ್ಲ. ಉದ್ದವಾಗುತ್ತದೆ, ಪುರುಸೊತ್ತಿಲ್ಲದವರು ಈಗಲೇ ಮುಂದೆ ಹೋಗಬಹುದು.

ನಮ್ಮ ಹಳೆಯ ಪಿಕಪ್ ಬಳಗದ ಹುಡುಗನೇ. ಹೆಸರು ಹೇಳುವುದಿಲ್ಲ, ಅವನೂ ಇದನ್ನು ಓದುತ್ತಾನೆ. ಇಪ್ಪತ್ತೈದು ವರ್ಷ ದಾಟಿದ ಗಾಡಿ; ಬಾಗಿಲಿನ ಕೆಳಗೆ ತುಕ್ಕು, ಎಂಜಿನ್ ಮಾತ್ರ ಇನ್ನೂ ಗಟ್ಟಿ. ಅದಕ್ಕೆ ಹೊಸ ಟೈರು ಹಾಕಿಸಿಕೊಂಡು ನೇರವಾಗಿ ನನ್ನ ಗೇಟಿನ ಮುಂದೆ ತಂದು ನಿಲ್ಲಿಸಿದ. ಮೊದಲಿದ್ದದ್ದು 235/75 ಆರ್ 15. ಈಗ 31×10.50 ಆರ್ 15. ರಿಮ್ ಮಾತ್ರ ಹಳೆಯದೇ.

“ಅಣ್ಣಾ, ಹೇಗಿದೆ?” ಎಂದ.

“ಅಳತೆ ಯಾರು ನೋಡಿದರು?” ಎಂದೆ.

“ಅಳತೆ ಯಾಕೆ ಅಣ್ಣಾ, ಕೂತಿತಲ್ಲ!”

ಕೂತಿತಲ್ಲ. ಟೈರಿನ ವಿಷಯದಲ್ಲಿ ಇದರಷ್ಟು ನನಗೆ ಸಿಟ್ಟು ತರಿಸುವ ಮಾತು ಇನ್ನೊಂದಿಲ್ಲ. ಮಗುವಿನ ಕಾಲಿಗೆ ಅಪ್ಪನ ಚಪ್ಪಲಿಯೂ ಕೂರುತ್ತದೆ. ಅದನ್ನು ಹಾಕಿಕೊಂಡು ಮಗು ಮೆಟ್ಟಿಲು ಇಳಿಯುವುದನ್ನು ನೋಡಿದ್ದೀರಾ?

ಟೈರಿನ ಮೇಲೆ ಬರೆದಿರುವುದು ಜಾತಕವಲ್ಲ, ಯಾರು ಬೇಕಾದರೂ ಓದಬಹುದು. 235 ಎಂದರೆ ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ರಿಮ್ಮಿನಿಂದ ಮೇಲೆ ಏಳುವ ಪಕ್ಕೆಯ ಎತ್ತರ, ಆ ಅಗಲದ ಶೇಕಡಾ 75. ಆರ್ ಎಂದರೆ ರೇಡಿಯಲ್. 15 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಕೂಡಿಸಿ ನೋಡಿದರೆ ಹಳೆಯ ಟೈರಿನ ಒಟ್ಟು ಎತ್ತರ ಸುಮಾರು 733 ಮಿಲಿಮೀಟರ್. ಹೊಸದರ ಮೇಲೆ ಬರೆದಿರುವುದು ನೇರವಾಗಿ ಇಂಚಿನಲ್ಲೇ: 10.50 ಅಗಲ, 31 ಒಟ್ಟು ಎತ್ತರ, ಅಂದರೆ 787 ಮಿಲಿಮೀಟರ್. ವ್ಯತ್ಯಾಸ ಶೇಕಡಾ 7ಕ್ಕಿಂತ ಸ್ವಲ್ಪ ಹೆಚ್ಚು. ಮೂರರೊಳಗೆ ಇರಲಿ ಎನ್ನುವುದು ತಿಳಿದವರ ಹಳೆಯ ಲೆಕ್ಕ. ಇವನು ಅದರ ಎರಡರಷ್ಟನ್ನೂ ದಾಟಿ ನಿಂತಿದ್ದಾನೆ, ನಗುತ್ತಾ.

‘ಏಳು ಪರ್ಸೆಂಟ್ ಯಾವ ಲೆಕ್ಕ’ ಎನ್ನುವವರಿಗಾಗಿ ನನ್ನದೇ ಮಾನ ಕಳೆದುಕೊಳ್ಳುತ್ತೇನೆ. ನನ್ನ ನೀಲಿ ಪಿಕಪ್ಪಿನ ಕಥೆ ಅರ್ಧ ನಿಮಗೆಲ್ಲ ಗೊತ್ತು. ಉಳಿದರ್ಧವನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೌದು, ನಾನೂ ಹಾಕಿಸಿದ್ದೆ, ಇದೇ 235ರಿಂದ ಇದೇ 31ಕ್ಕೆ. ಹಾಕಿಸಿದ ತಿಂಗಳಲ್ಲೇ ಮೈಲೇಜ್ ಬಿದ್ದುಹೋಯಿತು. ಲೀಟರಿಗೆ 11 ಕೊಡುತ್ತಿದ್ದ ಗಾಡಿ 10ಕ್ಕೆ ಇಳಿಯಿತು. ಕಾರ್ಬುರೇಟರ್ ಮೇಲೆ ಅನುಮಾನ ಬಂತು, ಬಿಚ್ಚಿಸಿದೆ. ಮತ್ತೊಮ್ಮೆ ಬಿಚ್ಚಿಸಿದೆ. ಮೆಕ್ಯಾನಿಕ್ ಪಾಪ, ಜೆಟ್ ತೊಳೆದು, ಸ್ಪಾರ್ಕ್ ಪ್ಲಗ್ ಬದಲಿಸಿ, ಕೊನೆಗೆ “ಸಾರ್, ಇದರಲ್ಲಿ ಏನೂ ತೊಂದರೆ ಇಲ್ಲ” ಎಂದು ಕೈ ಮುಗಿದ. ನಾನು ಅವನನ್ನೇ ಅನುಮಾನಿಸಿದೆ.

ತೊಂದರೆ ಇದ್ದದ್ದು ನನ್ನ ಲೆಕ್ಕದಲ್ಲಿ. ಹಳೆಯ ಗಾಡಿಯ ಮೀಟರು ಗೇರ್‌ಬಾಕ್ಸಿನಿಂದ ಬರುವ ಕೇಬಲ್ಲಿನ ಸುತ್ತು ಎಣಿಸುತ್ತದೆಯೇ ಹೊರತು ರಸ್ತೆಯನ್ನು ಎಣಿಸುವುದಿಲ್ಲ. ಟೈರು ದೊಡ್ಡದಾದರೆ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗುತ್ತದೆ. ಮೀಟರಿಗೆ ಅದು ಗೊತ್ತೇ ಆಗುವುದಿಲ್ಲ. ನಿಜವಾಗಿ 100 ಕಿಲೋಮೀಟರ್ ಓಡಿದರೆ ಅದು 93 ಎಂದು ಬರೆದುಕೊಳ್ಳುತ್ತದೆ. ನನ್ನ ಗಾಡಿ ಕೊಡುತ್ತಿದ್ದದ್ದು 10 ಅಲ್ಲ, 10.7. ಕಳೆದುಹೋದದ್ದು ಮೂರು ನೂರು ಮೀಟರ್. ನಾನು ಅತ್ತದ್ದು ಒಂದು ಕಿಲೋಮೀಟರಿಗೆ. ಒಂದು ಗುಣಾಕಾರ ಮಾಡಲು ಬಾರದೆ ಒಬ್ಬ ಒಳ್ಳೆಯ ಮೆಕ್ಯಾನಿಕನ ಮುಖ ನೋಡುವುದನ್ನೇ ಬಿಟ್ಟಿದ್ದೆ. ಆಮೇಲೆ ಹೋಗಿ ಕ್ಷಮೆ ಕೇಳಿದೆ ಎನ್ನಿ, ಆದರೆ ಎಂಟು ತಿಂಗಳು ತಡವಾಗಿ.

ಸುಳ್ಳು ಹೇಳುವ ಮೀಟರು ಬರೀ ಮೈಲೇಜಿಗೆ ನಿಲ್ಲುವುದಿಲ್ಲ. ಮುಳ್ಳು 100 ತೋರಿಸುವಾಗ ನೀವು ಓಡುತ್ತಿರುವುದು 107ರಲ್ಲಿ. ಆಯಿಲ್ ಬದಲಿಸಲು 5000 ಆಗಲಿ ಎಂದು ಕಾದರೆ ಗಾಡಿ ಅಷ್ಟರಲ್ಲಿ 5367 ಓಡಿರುತ್ತದೆ. ತಮಾಷೆ ಎಂದರೆ ಹಳೆಯ ಗಾಡಿಯಲ್ಲಿ ಇದನ್ನು ಸರಿಪಡಿಸುವುದು ಬಲು ಸುಲಭ. ಕೇಬಲ್ಲಿನ ತುದಿಯಲ್ಲಿ ಬೆರಳಿನಷ್ಟು ಪ್ಲಾಸ್ಟಿಕ್ ಗೇರ್ ಇರುತ್ತದೆ. ಅದರಲ್ಲಿ 15 ಹಲ್ಲಿದ್ದರೆ 14 ಹಲ್ಲಿನದನ್ನು ಹಾಕಿ, ಹೆಚ್ಚುಕಡಿಮೆ ಅದೇ ಶೇಕಡಾ 7 ಸರಿಹೋಗುತ್ತದೆ. ಟೈರು ಹಾಕಿದವರಲ್ಲಿ ಎಷ್ಟು ಜನ ಆ ಗೇರನ್ನು ಮುಟ್ಟಿದ್ದಾರೆ? ಯಾಕೆ ಮುಟ್ಟಬೇಕು, ಕೂತಿತಲ್ಲ!

ಆಕ್ಸಲ್ಲಿನ ಹೌಸಿಂಗ್ ಒಳಗೆ ಎಂಜಿನ್ನಿನ ಸುತ್ತನ್ನು ಗಾಲಿಗೆ ದಾಟಿಸುವ ಗೇರು ಜೋಡಿ, ಕ್ರೌನ್ ಮತ್ತು ಪಿನಿಯನ್, ಮಾತ್ರ ಅಷ್ಟು ಅಗ್ಗಕ್ಕೆ ಒಪ್ಪುವುದಿಲ್ಲ. 3.73 ಅನುಪಾತದ, ಅಂದರೆ ಗಾಲಿಯ ಒಂದು ಸುತ್ತಿಗೆ ಪಿನಿಯನ್ 3.73 ಸುತ್ತು ತಿರುಗುವ ಗಾಡಿಗೆ ಈ ಟೈರು ಹಾಕಿದರೆ ಅದು 3.47ರ ಗಾಡಿಯಂತೆ ವರ್ತಿಸುತ್ತದೆ. ಕಾಗದದ ಮೇಲೆ ಪುಟ್ಟ ಸಂಖ್ಯೆ. ಭಾರ ಹೇರಿಕೊಂಡು ಏರು ಹತ್ತುವಾಗ ಗೊತ್ತಾಗುತ್ತದೆ. ನನ್ನ ಗಾಡಿಯ ಐದನೇ ಗೇರು ಆ ದಿನಗಳಲ್ಲಿ ನೋಟಕ್ಕಷ್ಟೇ ಇತ್ತು. ಹಾಕಿದ ಕೂಡಲೇ ಎಂಜಿನ್ ಗೊರಗೊರ ಎನ್ನುತ್ತಿತ್ತು, ಮತ್ತೆ ನಾಲ್ಕಕ್ಕೆ ಇಳಿಸುತ್ತಿದ್ದೆ. ಮೊದಲ ಗೇರಿನಲ್ಲಿ ಕ್ಲಚ್ಚನ್ನು ಎಳೆಎಳೆದು ಬಿಡಬೇಕು, ಕ್ಲಚ್ ಪ್ಲೇಟಿನ ವಾಸನೆ ಒಳಗೆ ಬರುವವರೆಗೆ. ಮೊದಲಿನ ಎಳೆತ ಬೇಕೆಂದರೆ 4.10ರ ಸೆಟ್ ಹಾಕಿಸಬೇಕು. ಫೋರ್ ವೀಲ್ ಡ್ರೈವ್ ಆದರೆ ಮುಂದಕ್ಕೂ ಹಿಂದಕ್ಕೂ ಎರಡೂ ಕಡೆ.

ಬ್ರೇಕಿನ ಮಾತು ಎತ್ತಿದರೆ ನನ್ನ ಧ್ವನಿ ಏರುತ್ತದೆ. ಹಿಂದೆ ಡ್ರಮ್ಮು, ಅದೇ ಹಳೆಯ ಲೈನರ್, ಅದೇ ಪೆಡಲ್. ಗಾಲಿ ಎತ್ತರವಾದಷ್ಟೂ ಅದೇ ಒತ್ತಿಗೆ ರಸ್ತೆಯ ಮೇಲೆ ಸಿಗುವ ಬ್ರೇಕಿನ ಹಿಡಿತ ಕಡಿಮೆ, ಇಲ್ಲಿಯೂ ಅದೇ ಏಳು. ಮೇಲಾಗಿ ಟೈರೇ ಭಾರ, ತಿರುಗುತ್ತಿರುವ ಅಷ್ಟು ರಬ್ಬರನ್ನೂ ನಿಲ್ಲಿಸಬೇಕು. ಹೊಸ ಗಾಡಿಗೆ ಇದು ಸಹ್ಯವಾಗಬಹುದು, ಕಾಲು ಶತಮಾನ ದುಡಿದ ಗಾಡಿಗೆ ಯಾಕೆ ಈ ಶಿಕ್ಷೆ?

ರಿಮ್ಮಿನ ಕಥೆ ಬೇರೆ. ಅವನ ರಿಮ್ಮಿನ ಅಗಲ 6 ಇಂಚು. 31×10.50 ಟೈರು ಕೇಳುವುದು 7ರಿಂದ 9. ಕಿರಿದಾದ ರಿಮ್ಮಿಗೆ ಅಗಲದ ಟೈರು ಹಾಕಿದರೆ ಅದರ ಮುಖ ಉಬ್ಬಿಕೊಳ್ಳುತ್ತದೆ, ನೆಲಕ್ಕೆ ತಾಗುವುದು ನಡುಭಾಗ, ಸವೆಯುವುದೂ ಅದೇ. ಹೆಚ್ಚು ಅಗಲ ಬೇಕೆಂದು ಕೊಂಡ ಟೈರು ಹಾಗೆ ನಡುವಿನಲ್ಲೇ ನಡೆಯುತ್ತದೆ!

ಇನ್ನು ‘ಎಲ್ಲೂ ಉಜ್ಜುವುದಿಲ್ಲ’ ಎಂಬ ಪರೀಕ್ಷೆ. ಅಂಗಡಿಯವರು ಮಾಡಿದ್ದಿಷ್ಟು: ಖಾಲಿ ಗಾಡಿ, ಸಮತಟ್ಟಾದ ನೆಲ, ಸ್ಟೀರಿಂಗ್ ಎರಡೂ ಕಡೆಗೆ ಒಂದು ಸಲ ತಿರುವು, ಮುಗಿಯಿತು. ಟೈರು ಉಜ್ಜುವುದು ಅಲ್ಲಿ ಅಲ್ಲ ಮಾರಾಯರೇ! ಹಿಂದೆ ಭಾರ ಇದ್ದು, ಒಂದು ಮುಂಗಾಲಿ ದಿಣ್ಣೆ ಹತ್ತಿ ಸಸ್ಪೆನ್ಷನ್ ಪೂರ್ತಿ ಒತ್ತಿ, ಅದೇ ಹೊತ್ತಿಗೆ ಸ್ಟೀರಿಂಗ್ ಕೊನೆಯವರೆಗೆ ತಿರುಗಿದಾಗ ಮಡ್‌ಗಾರ್ಡಿನ ಒಳಗೆ ಎಷ್ಟು ಜಾಗ ಉಳಿದಿದೆ ನೋಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು ಮಡ್‌ಗಾರ್ಡಿನ ಕೆಳಗೆ ಬಗ್ಗಿ ನೋಡಿಯೇ ಹೇಳಿದ್ದಾರೇನೋ. ಉಜ್ಜಿದರೆ ಏನು ಮಾಡುತ್ತಾರೆ ಎಂಬುದೂ ಗೊತ್ತು: ಗಾಲಿಗೂ ಹಬ್ಬಿಗೂ ನಡುವೆ ಸ್ಪೇಸರ್ ಎಂಬ ದಪ್ಪ ಬಿಲ್ಲೆ ತುರುಕಿ ಗಾಲಿಯನ್ನು ಹೊರಗೆ ತಳ್ಳುತ್ತಾರೆ. ಆಗ ಆ ಭಾರವೆಲ್ಲ ಹಳೆಯ ಬೇರಿಂಗಿನ ಮೇಲೆ.

‘ಕಂಪನಿಯವರೇ ಇದೇ ಗಾಡಿಗೆ ದೊಡ್ಡ ಟೈರು ಕೊಟ್ಟಿದ್ದರಲ್ಲ’ ಎಂದು ಒಬ್ಬರು ಕೇಳಿಯೇ ಕೇಳುತ್ತೀರಿ. ಯಾರೆಂದೂ ನನಗೆ ಗೊತ್ತು. ಕೊಟ್ಟಿದ್ದರು ಸ್ವಾಮಿ, ಕೆಲವು ಮಾದರಿಗಳಿಗೆ. ಅದರ ಜೊತೆಗೆ ಬೇರೆ ಅನುಪಾತದ ಆಕ್ಸಲ್, ಅಗಲದ ರಿಮ್, ಬೇರೆ ಮೀಟರ್ ಗೇರ್ ಎಲ್ಲ ಕೊಟ್ಟಿದ್ದರು. ನೀವು ಅವರ ಟೈರನ್ನಷ್ಟೇ ನಕಲು ಮಾಡಿದ್ದೀರಿ, ಲೆಕ್ಕವನ್ನು ಬಿಟ್ಟಿದ್ದೀರಿ. ಇನ್ನು ‘ಗಾಡಿ ನೆಲದಿಂದ ಮೇಲೆ ಏಳುತ್ತದೆ’ ಎನ್ನುವವರಿಗೆ: ಟೈರು ಎತ್ತರವಾದದ್ದು 54 ಮಿಲಿಮೀಟರ್, ಆಕ್ಸಲ್ ಮೇಲೆದ್ದದ್ದು ಅದರ ಅರ್ಧ, 27. ಇಷ್ಟೆಲ್ಲ ರಾದ್ಧಾಂತ ಒಂದು ಇಂಚು ಚಿಲ್ಲರೆಗೆ. ಹಳೆಯ ಕಾಲದ ಪಿಕಪ್‌ಗಳು ಕೆಸರಿನಲ್ಲಿ ಹೋಗುತ್ತಿದ್ದದ್ದು ಎತ್ತರದ, ಆದರೆ ಕಿರಿದಾದ ಟೈರಿನಲ್ಲಿ. ಅವು ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತಿದ್ದವು. ಮರಳಿನಲ್ಲಿ ತೇಲಲು ಅಗಲ ಬೇಕು, ಒಪ್ಪುತ್ತೇನೆ. ಈ ಹುಡುಗ ಮರಳು ನೋಡಿರುವುದು ಕಟ್ಟಡ ಕಟ್ಟುವ ಜಾಗದಲ್ಲಿ ಮಾತ್ರ.

ಚೆನ್ನಾಗಿ ಕಾಣುತ್ತದೆಯೇ ಎಂದರೆ, ಕಾಣುತ್ತದೆ. ನಾನು ಕುರುಡನಲ್ಲ. ಬೆಳಿಗ್ಗೆ ಗೇಟು ತೆಗೆದಾಗ ಮೊದಲ ಅರ್ಧ ನಿಮಿಷ ನಾನೂ ಬಾಯಿ ತೆರೆದು ನೋಡಿದೆ. ನನ್ನ ನೀಲಿ ಗಾಡಿ ಪಕ್ಕದಲ್ಲೇ ನಿಂತಿತ್ತು, ಮತ್ತೆ 235 ಹಾಕಿಕೊಂಡು, ಕೂದಲು ಕತ್ತರಿಸಿಕೊಂಡು ಬಂದ ಶಾಲೆಯ ಹುಡುಗನಂತೆ. ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೀವು ಈ ಬರಹವನ್ನೆಲ್ಲ ಆ ಹೊಟ್ಟೆಕಿಚ್ಚಿಗೇ ಜಮಾ ಮಾಡಿಕೊಂಡರೂ ನನ್ನ ಅಭ್ಯಂತರವಿಲ್ಲ, ಏಳು ಪರ್ಸೆಂಟ್ ಮಾತ್ರ ಹಾಗೆಯೇ ಉಳಿಯುತ್ತದೆ.

ಇದನ್ನೆಲ್ಲ ಅವನಿಗೂ ಹೇಳಿದೆ, ಸ್ವಲ್ಪ ಜೋರಾಗಿಯೇ. ಬಾನೆಟ್ಟಿಗೆ ಒರಗಿ, ತಲೆ ಆಡಿಸುತ್ತಾ ಕೇಳಿದ. ಕೇಳಿದನೋ ಸಹಿಸಿದನೋ ತಿಳಿಯಲಿಲ್ಲ. ಹೊರಡುವಾಗ ನನಗೆ ಹೊಳೆಯಿತು.

“ಎಷ್ಟು ಟೈರು ಕೊಂಡೆ?”

“ನಾಲ್ಕು ಅಣ್ಣಾ.”

ಬಗ್ಗಿ ಗಾಡಿಯ ಕೆಳಗೆ ನೋಡಿದೆ. ಹಿಂಬದಿಯಲ್ಲಿ, ಸರಪಳಿಗೆ ನೇತುಬಿದ್ದು, ಹಳೆಯ 235ರ ಸ್ಟೆಪ್ನಿ ಹಾಯಾಗಿ ಮಲಗಿತ್ತು. ಒಂದು ಆಕ್ಸಲ್ಲಿಗೆ ಎರಡು ಅಳತೆಯ ಗಾಲಿ ಹಾಕಿ ಓಡಿಸಿದರೆ, ಎರಡು ಗಾಲಿಗಳ ಸುತ್ತಿನ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಡಾಂಬರಿನ ಮೇಲೆ ಫೋರ್ ವೀಲ್ ಹಾಕಿದರಂತೂ ಮುಂದಿನ, ಹಿಂದಿನ ಆಕ್ಸಲ್ಲುಗಳು ಪರಸ್ಪರ ತಿರುಚಿಕೊಳ್ಳುತ್ತವೆ. ಹೇಳಲು ಬಾಯಿ ತೆರೆದೆ.

“ಅದು ಇದೆಯಲ್ಲ ಅಣ್ಣಾ, ಅದೂ ಕೂರುತ್ತದೆ” ಎಂದ.