ಮೀನು ಕಾಯುವ ಪೊಲೀಸರಿಗೂ ವೀಸಾ ಪಾಠ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಶಾನೊ ಅಂತ ಒಂದು ಕೌಂಟಿ ಇದೆ. ನಮ್ಮ ಲೆಕ್ಕದಲ್ಲಿ ಒಂದು ತಾಲ್ಲೂಕು ಅಂದುಕೊಳ್ಳಿ. ಟ್ರಂಪ್ ಅವರಿಗೆ ಭರ್ಜರಿ ವೋಟು ಬೀಳುವ ಜಾಗ. 2025ರ ಮೇ ಕೊನೆಯಲ್ಲಿ ಅವರದೇ ಸರ್ಕಾರದ ಗೃಹಭದ್ರತಾ ಇಲಾಖೆ ಒಂದು ಪಟ್ಟಿ ಹೊರಡಿಸಿತು. ಅಕ್ರಮ ವಲಸಿಗರನ್ನು ಹಿಡಿಯಲು ತಮ್ಮ ಪೊಲೀಸರನ್ನು ಕಳಿಸದೆ ಸತಾಯಿಸುವ 'ಸ್ಯಾಂಕ್ಚುರಿ' (ಆಶ್ರಯತಾಣ) ಊರುಗಳ ಪಟ್ಟಿ. ಐನೂರಕ್ಕೂ ಜಾಸ್ತಿ ಹೆಸರು. ನೋಡಿದರೆ ಅದರಲ್ಲಿ ಶಾನೊ!

ಅಲ್ಲಿನ ಶೆರಿಫ್‌ಗೆ, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥನಿಗೆ, ಹೊಳೆದ ಕಾರಣ ಒಂದೇ. 2021ರಲ್ಲಿ ಆ ಕೌಂಟಿ ತನ್ನನ್ನು ಸ್ಯಾಂಕ್ಚುರಿ ಅಂತ ಘೋಷಿಸಿಕೊಂಡಿದ್ದು ನಿಜ. ಆದರೆ ಅದು ಬಂದೂಕುಗಳಿಗೆ! ನಮ್ಮ ಜನರ ಬಂದೂಕು ಮುಟ್ಟಬೇಡಿ ಅಂತ ವಾಷಿಂಗ್ಟನ್ನಿಗೆ ಹೇಳಿದ ಮಾತು, ವಲಸಿಗರಿಗೆ ಹಾಸಿದ ಚಾಪೆಯಾಗಿ ಯಾರಿಗೋ ಕಂಡಿರಬೇಕು.

ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಬೀಚ್ ಕಥೆ ಇನ್ನೂ ಪಾಪ. 'ನಮ್ಮದು ಸ್ಯಾಂಕ್ಚುರಿ ಅಲ್ಲ' ಅಂತ ನಗರಸಭೆಯಲ್ಲಿ ಠರಾವು ಮಾಡಿ, ಸ್ವಂತ ರಾಜ್ಯದ ಮೇಲೇ ಕೇಸು ಹಾಕಿದ ಊರದು. ಅದೂ ಪಟ್ಟಿಯಲ್ಲಿತ್ತು. ರಾಷ್ಟ್ರೀಯ ಶೆರಿಫ್‌ಗಳ ಸಂಘ ಸಿಟ್ಟಿಗೆದ್ದು, ಕ್ಷಮೆ ಕೇಳಿ ಅಂದಿತು. ಮೂರ್ನಾಲ್ಕು ದಿನದಲ್ಲಿ ಪಟ್ಟಿ ವೆಬ್‌ಸೈಟಿನಿಂದ ಮಾಯ. ಆಗಸ್ಟಿನಲ್ಲಿ ನ್ಯಾಯ ಇಲಾಖೆ ಹೊಸ ಪಟ್ಟಿ ತಂದಿತು. ಐನೂರರ ಮೇಲಿದ್ದ ಹೆಸರು ಬರೀ ಮೂವತ್ತು ಚಿಲ್ಲರೆಗೆ ಇಳಿದಿತ್ತು. ಸಂತೆಯ ಕೊನೆಯಲ್ಲೂ ಇಷ್ಟು ಚೌಕಾಸಿ ನಡೆಯಲ್ಲ.

ಊರಿನ ಪೊಲೀಸರು ಕೇಂದ್ರದ ಕೆಲಸ ಮಾಡಲ್ಲ ಅನ್ನಬಹುದು ಅಂತ ಹೇಳಿಕೊಟ್ಟವರು ಯಾರು? ಎಡಪಂಥೀಯರು ಅಂದುಕೊಂಡಿರಾ? ಅಲ್ಲವೇ ಅಲ್ಲ. 1993ರ ಬ್ರೇಡಿ ಕಾಯ್ದೆಯ ಪ್ರಕಾರ ಪಿಸ್ತೂಲು ಕೊಳ್ಳುವವರ ಪೂರ್ವಾಪರವನ್ನು ಸ್ಥಳೀಯ ಪೊಲೀಸರು ವಿಚಾರಿಸಬೇಕಿತ್ತು. ಮೊಂಟಾನಾದ ಶೆರಿಫ್ ಜೇ ಪ್ರಿಂಟ್ಜ್, ಅರಿಜೋನಾದ ಶೆರಿಫ್ ರಿಚರ್ಡ್ ಮ್ಯಾಕ್ ಒಪ್ಪಲಿಲ್ಲ. 'ನಾವೇನು ವಾಷಿಂಗ್ಟನ್ನಿನ ಜವಾನರಾ?' ಅನ್ನೋ ಧಾಟಿಯಲ್ಲಿ ಕೋರ್ಟಿಗೆ ಹೋದರು. 1997ರಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಅವರ ಪರ ನಿಂತಿತು. ತೀರ್ಪು ಬರೆದವರು ಬಲಪಂಥೀಯರ ಕಣ್ಮಣಿ ಜಸ್ಟಿಸ್ ಸ್ಕಾಲಿಯಾ. ಈಗ ಅದೇ ತೀರ್ಪನ್ನು ಷಿಕಾಗೋದವರು, ಕ್ಯಾಲಿಫೋರ್ನಿಯಾದವರು ಎದೆಗೆ ಅಪ್ಪಿಕೊಂಡಿದ್ದಾರೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಬಂದೂಕಿನ ವಿಷಯಕ್ಕೆ ಶೆರಿಫ್ ಇಲ್ಲ ಅಂದರೆ ಅದು ಸ್ವಾತಂತ್ರ್ಯ. ಮನುಷ್ಯರ ವಿಷಯಕ್ಕೆ ಇಲ್ಲ ಅಂದರೆ ದೇಶದ್ರೋಹ.

ಹಾಗಂತ ಸ್ಯಾಂಕ್ಚುರಿ ಮೇಯರ್‌ಗಳೇನು ಕಮ್ಮಿ ಇಲ್ಲ. ಮೈಕ್ ಮುಂದೆ ಅವರ ಆಶ್ರಯದ ಮಾತು ಕೇಳಿದರೆ ಊರಿಗೇ ಕೋಟೆ ಕಟ್ಟಿದ್ದಾರೇನೋ ಅನ್ನಿಸುತ್ತೆ. ಅದೇ ಊರಿನ ಜೈಲಿನಲ್ಲಿ ತೆಗೆದ ಬೆರಳಚ್ಚು ಎಫ್‌ಬಿಐಗೆ ಹೋಗಿ, ಅಲ್ಲಿಂದ ತಾನಾಗೇ ವಲಸೆ ಇಲಾಖೆಗೂ ತಲುಪುತ್ತೆ. ಐಸ್ (ICE, ಅಕ್ರಮ ವಲಸಿಗರನ್ನು ಹಿಡಿಯುವ ಕೇಂದ್ರದ ಇಲಾಖೆ) ಅಧಿಕಾರಿಗಳು ಬಂದು ಹಿಡಿಯುವುದನ್ನು ಯಾವ ಮೇಯರ್ ಕೂಡ ತಡೆಯುವ ಹಾಗಿಲ್ಲ. ಇವರು ಮಾಡುವುದು ಇಷ್ಟೇ: 'ನಮ್ಮ ಜೈಲಿನಲ್ಲಿ ಅವನನ್ನು ಇನ್ನೂ 48 ಗಂಟೆ ಕೂರಿಸಿಕೊಳ್ಳಿ' ಅಂತ ಐಸ್ ಕಳಿಸುವ ಕಾಗದಕ್ಕೆ ಆಗಲ್ಲ ಅನ್ನೋದು. ಆ ಕಾಗದಕ್ಕೆ ಜಡ್ಜ್ ಸಹಿಯೂ ಇರಲ್ಲ. ಅದು ವಿನಂತಿ, ಆದೇಶವಲ್ಲ ಅಂತ ಫೆಡರಲ್ ಮೇಲ್ಮನವಿ ಕೋರ್ಟೇ 2014ರಲ್ಲಿ ಹೇಳಿದೆ.

ನಮ್ಮ ಕನ್ನಡಿಗರ ಪಾಡು ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಪೊಲೀಸರು ವಲಸೆಯ ವಿಚಾರ ಕೆದಕಬಾರದು ಅಂತ 2017ರ ಕಾನೂನು. ಟೆಕ್ಸಾಸ್‌ನಲ್ಲಿ ಜೈಲು ನಡೆಸುವ ಕೌಂಟಿಗಳ ಶೆರಿಫ್‌ಗಳು ಐಸ್ ಕೆಲಸಕ್ಕೆ ಕೈಜೋಡಿಸುವ ಒಪ್ಪಂದಕ್ಕೆ ಸಹಿ ಹಾಕಲೇಬೇಕು ಅಂತ 2025ರ ಕಾನೂನು. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಿಂದ ಟೆಕ್ಸಾಸಿನ ಫ್ರಿಸ್ಕೊಗೆ ಮನೆ ಬದಲಿಸುವವರು ಸ್ಕೂಲಿನ ರೇಟಿಂಗ್, ಅವರೆಕಾಳು ಸಿಗುವ ಅಂಗಡಿ ನೋಡುವ ಜೊತೆಗೆ ಶೆರಿಫ್ ಸಾಹೇಬರು ಯಾವುದಕ್ಕೆ ಸಹಿ ಹಾಕಿದ್ದಾರೆ ಅಂತಲೂ ವಿಚಾರಿಸಿಕೊಳ್ಳಬೇಕು.

ಇನ್ನು ಫ್ಲೋರಿಡಾ. ಅಲ್ಲಿ ಉತ್ಸಾಹವೋ ಉತ್ಸಾಹ. ಹೆದ್ದಾರಿ ಪೊಲೀಸರು, ಯೂನಿವರ್ಸಿಟಿ ಕ್ಯಾಂಪಸ್ ಪೊಲೀಸರು, ಕೊನೆಗೆ ಮೀನು ಮತ್ತು ವನ್ಯಜೀವಿ ಇಲಾಖೆಯವರೂ ವಲಸೆ ಒಪ್ಪಂದಕ್ಕೆ ಸಹಿ ಹಾಕಿದ್ದಾರೆ. ಆನ್‌ಲೈನಿನಲ್ಲಿ 40 ಗಂಟೆ ಪಾಠ, ಮುಗೀತು. ನಿನ್ನೆವರೆಗೆ ದೋಣಿ ಹತ್ತಿ ಮೀನಿಗೆ ಸ್ಕೇಲ್ ಹಿಡಿಯುತ್ತಿದ್ದವರು, ಇವತ್ತು ಹಿಡಿದವನ ವೀಸಾಗೂ ಹಿಡಿಯಬಹುದು.

2025ರ ಏಪ್ರಿಲ್‌ನಲ್ಲಿ ಅಲ್ಲಿನ ಹೆದ್ದಾರಿ ಪೊಲೀಸರು ಒಂದು ಕಾರು ನಿಲ್ಲಿಸಿದರು. ಒಳಗಿದ್ದ 20 ವರ್ಷದ ಹುಡುಗನನ್ನು 'ಅಕ್ರಮವಾಗಿ ಫ್ಲೋರಿಡಾಕ್ಕೆ ಬಂದವನು' ಅಂತ ಒಳಗೆ ಹಾಕಿದರು. ಅವನು ಹುಟ್ಟಿದ್ದು ಪಕ್ಕದ ಜಾರ್ಜಿಯಾ ರಾಜ್ಯದಲ್ಲಿ, ಅಂದರೆ ಅಮೆರಿಕದ ಪ್ರಜೆಯೇ. ಹಿಡಿಯಲು ಬಳಸಿದ ಕಾನೂನಿಗೆ ಫೆಡರಲ್ ಕೋರ್ಟು ಆಗಲೇ ತಡೆ ಕೊಟ್ಟಿತ್ತು. ಮಾರನೇ ದಿನ ಜಡ್ಜ್ ಅವನ ಜನನ ಪ್ರಮಾಣಪತ್ರವನ್ನು ಬೆಳಕಿಗೆ ಹಿಡಿದು, ನೀರುಗುರುತು ನೋಡಿ, ಅಸಲಿ ಅಂದರು. ಆದರೂ ಬಿಡಲು ತನಗೆ ಅಧಿಕಾರವಿಲ್ಲ ಅಂದರು. ಯಾಕೆ? ಐಸ್‌ನವರು ಇಟ್ಟುಕೊಳ್ಳಿ ಅಂದಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು! ಸುದ್ದಿ ಹಬ್ಬಿ, ಜೈಲಿನ ಮುಂದೆ ಜನ ಸೇರಿದ ಮೇಲೆ ಅವತ್ತೇ ಸಂಜೆ ಬಿಟ್ಟರು. ಮೀನಾಗಿದ್ದರೆ ದೋಣಿಯಲ್ಲೇ ಅಳೆದು, ಅಲ್ಲೇ ನೀರಿಗೆ ಬಿಡುತ್ತಿದ್ದರು.